ದಿಂಬಂ ದಾರಿಯಲ್ಲಿ ಕಾಡು ದಾಟುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ತಾಳವಾಡಿಯ ಹತ್ತಿರ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವ ತಾಲ್ಲೂಕು ಎಂದರೆ ಬಹಳ ಜನರಿಗೆ ಜಾಗ ಹೊಳೆಯುತ್ತದೆ. ರಜೆ ಹತ್ತಿರ ಬಂತೆಂದರೆ ಮೈಸೂರು, ಬೆಂಗಳೂರುಗಳಲ್ಲಿರುವ ನೆಂಟರು, ಅವರ ಸ್ನೇಹಿತರು, ಆ ಸ್ನೇಹಿತರ ಕಚೇರಿಯವರು ಎಲ್ಲರಿಂದಲೂ ಫೋನ್ ಬರತೊಡಗುತ್ತದೆ. "ದಿಂಬಂ ಕಡೆ ಹೊರಟಿದ್ದೇವೆ, ಆನೆ ಎಲ್ಲಿ ಕಾಣುತ್ತದೆ, ಕಾರು ಎಲ್ಲಿ ನಿಲ್ಲಿಸಬಹುದು?" ಎನ್ನುವುದೇ ಮೊದಲ ಮಾತು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಬರಬೇಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ನೀವು ಹೇಗೆ ಬರುತ್ತೀರಿ ಎನ್ನುವುದರ ಮೇಲೆ ಇಲ್ಲಿನ ಪ್ರಾಣಿಗಳ ಬದುಕು ನಿಂತಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಇದು ಯಾವ ಕಾಡು? ಎಲ್ಲಿಂದ ಎಲ್ಲಿಯವರೆಗೆ?

ಚಾಮರಾಜನಗರ ಬಿಟ್ಟು ದಕ್ಷಿಣಕ್ಕೆ ಬಂದರೆ ಪುಣಜನೂರು ಚೆಕ್‌ಪೋಸ್ಟ್ ಸಿಗುತ್ತದೆ. ಅಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ. ರಾಜ್ಯದ ಗಡಿ ದಾಟಿದ ಕೂಡಲೇ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ ಶುರುವಾಗುತ್ತದೆ. 2013ರಲ್ಲಿ ಘೋಷಣೆಯಾದ ಇದರ ವಿಸ್ತಾರ ಸುಮಾರು 1,400 ಚದರ ಕಿಲೋಮೀಟರ್. ಆಸನೂರು, ದಿಂಬಂ ದಾಟಿ 27 ಹೇರ್‌ಪಿನ್ ತಿರುವುಗಳನ್ನು ಇಳಿದರೆ ಬಣ್ಣಾರಿ, ಅಲ್ಲಿಂದ ಮುಂದೆ ಸತ್ಯಮಂಗಲ. ರಸ್ತೆ ರಾಷ್ಟ್ರೀಯ ಹೆದ್ದಾರಿ 948, ಹಳೆಯ ಸಂಖ್ಯೆ 209.

ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳು ಒಂದನ್ನೊಂದು ಮುಟ್ಟುವ ನೆಲವಿದು. ಪಶ್ಚಿಮಕ್ಕೆ ಮುದುಮಲೆ ಮತ್ತು ಬಂಡೀಪುರ, ಉತ್ತರಕ್ಕೆ ಬಿಳಿಗಿರಿರಂಗನ ಬೆಟ್ಟ, ಪೂರ್ವಕ್ಕೆ ಮಲೆಮಹದೇಶ್ವರ ಬೆಟ್ಟದ ಕಡೆಯ ಕಾಡು. ಆನೆಗಳಿಗೆ ಇದೆಲ್ಲ ಒಂದೇ ಮನೆ. ಆ ಮನೆಯ ನಡುಮನೆಯಲ್ಲಿ ನಾವು ಹೆದ್ದಾರಿ ಹಾಕಿಕೊಂಡಿದ್ದೇವೆ.

ನಾವು ರಸ್ತೆ ಬಿಟ್ಟು ಕೆಳಗಿಳಿಯುವುದೇ ಇಲ್ಲ, ಸುಮ್ಮನೆ ಹಾದುಹೋಗುತ್ತೇವೆ. ಒಂದು ಕಾರಿನಿಂದ ಕಾಡಿಗೆ ಏನಾಗುತ್ತದೆ?

ಪರಿಸರ ಹಾನಿ ಎಂದ ಕೂಡಲೇ ಎಲ್ಲರೂ ಹೊಗೆಯ ಮಾತು ಎತ್ತುತ್ತಾರೆ. ಕಾಡಿನ ಲೆಕ್ಕದಲ್ಲಿ ಹೊಗೆಗೆ ನಾನು ನಾಲ್ಕನೆಯದೋ ಐದನೆಯದೋ ಜಾಗ ಕೊಡುತ್ತೇನೆ.

ಮೊದಲನೆಯದು ಚಕ್ರದಡಿಯ ಸಾವು. ಆನೆ, ಚಿರತೆ ಸತ್ತರೆ ಪತ್ರಿಕೆಯಲ್ಲಿ ಬರುತ್ತದೆ. ಕಪ್ಪೆ, ಹಾವು, ಮೊಲ, ಪುನುಗು ಬೆಕ್ಕುಗಳ ಸುದ್ದಿ ಯಾರೂ ಬರೆಯುವುದಿಲ್ಲ. ಹಗಲೆಲ್ಲ ಕಾದ ಡಾಂಬರು ಸಂಜೆಯ ಮೇಲೂ ಬೆಚ್ಚಗಿರುತ್ತದೆ, ಆ ಬಿಸುಪಿಗೆ ಹಾವು ಬಂದು ಮಲಗುತ್ತದೆ. ನತ್ತಿಂಗ ಹಕ್ಕಿ ಹುಳ ಹಿಡಿಯಲು ರಸ್ತೆಯ ಮೇಲೆಯೇ ಕೂರುತ್ತದೆ, ದೀಪದ ಬೆಳಕಿಗೆ ಕಣ್ಣು ಕೋರೈಸಿ ಏಳುವುದೇ ಇಲ್ಲ. ಮೊದಲ ಮಳೆ ಬಿದ್ದ ರಾತ್ರಿ ಕಪ್ಪೆಗಳು ನೀರು ಹುಡುಕಿಕೊಂಡು ರಸ್ತೆ ದಾಟುತ್ತವೆ. ಒಂದು ಪ್ರಾಣಿ ಸತ್ತು ಬಿದ್ದರೆ ಅದನ್ನು ತಿನ್ನಲು ಮುಂಗುಸಿ ಬರುತ್ತದೆ, ನರಿ ಬರುತ್ತದೆ, ಅವೂ ಅಲ್ಲಿಯೇ ಸಾಯುತ್ತವೆ.

ಎರಡನೆಯದು ಅಡ್ಡಗಟ್ಟು. ಬೇಸಿಗೆಯಲ್ಲಿ ಮೇವು ರಸ್ತೆಯ ಈಚೆ, ನೀರು ಆಚೆ. ವಾಹನಗಳು ಒಂದರ ಹಿಂದೊಂದು ಬಿಡುವಿಲ್ಲದೆ ಬರುತ್ತಿದ್ದರೆ ಮರಿ ಇರುವ ಹಿಂಡು ದಾಟುವ ಧೈರ್ಯ ಮಾಡುವುದಿಲ್ಲ. ಗೋಡೆ ಕಟ್ಟಬೇಕಾಗಿಲ್ಲ, ಬಿಡುವಿಲ್ಲದ ಸಂಚಾರವೇ ಗೋಡೆ.

ಮೂರನೆಯದು ಸದ್ದು. ಆನೆಗಳು ನಮ್ಮ ಕಿವಿಗೆ ಕೇಳಿಸದಷ್ಟು ತಗ್ಗಿನ ದನಿಯಲ್ಲಿ ಒಂದಕ್ಕೊಂದು ದೂರದಿಂದ ಮಾತಾಡುತ್ತವೆ. ಏರು ಹತ್ತುವ ಲಾರಿಗಳ ಗುಡುಗು ತುಂಬಿದ ಕಣಿವೆಯಲ್ಲಿ ಆ ಮಾತು ಎಷ್ಟು ದೂರ ಹೋದೀತು? ಹಾರ್ನ್ ಇನ್ನೊಂದು ಪಿಡುಗು. ತಿರುವಿನಲ್ಲಿ ಎದುರಿನವರಿಗೆ ಎಚ್ಚರಿಕೆ ಕೊಡುವುದು ಬೇರೆ, ಜಿಂಕೆ ತಲೆ ಎತ್ತಲಿ ಎಂದು ಹಾರ್ನ್ ಒತ್ತುವುದು ಬೇರೆ.

ಇನ್ನೊಂದನ್ನು ಯಾರೂ ನೆನೆಯುವುದಿಲ್ಲ. ಟೈರಿಗೆ ಅಂಟಿದ ಮಣ್ಣಿನಲ್ಲಿ ಕಳೆಬೀಜ ಬರುತ್ತದೆ. ಊರಿನ ಪಾರ್ಥೇನಿಯಂ ಕಾಡಿನೊಳಕ್ಕೆ ಬರುವ ದಾರಿಗಳಲ್ಲಿ ಇದೂ ಒಂದು. ರಸ್ತೆ ಬದಿಯಲ್ಲಿ ಎಲ್ಲೆಲ್ಲಿ ವಾಹನ ನಿಂತು ಮಣ್ಣು ಕೆದರಿದೆಯೋ ಅಲ್ಲಿ ಹುಲ್ಲು ಹೋಗಿ ಕಳೆ ಎದ್ದಿರುವುದನ್ನು ನೀವೇ ನೋಡಬಹುದು.

ಎಷ್ಟು ವೇಗದಲ್ಲಿ ಹೋಗಬೇಕು?

ಫಲಕದಲ್ಲಿ ಬರೆದ ಮಿತಿ ಮೀರಬೇಡಿ. ಏಕೆ ಎನ್ನುವುದಕ್ಕೆ ಸಣ್ಣ ಲೆಕ್ಕವಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಮುಂದೆ ಹೋಗಿರುತ್ತದೆ, ನಿಮ್ಮ ಕಾಲು ಬ್ರೇಕ್ ಮುಟ್ಟುವ ಮೊದಲೇ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವೂ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ಜಿಂಕೆ ಒಂದು ದಾಟಿತೆಂದರೆ ಹಿಂದೆ ಇನ್ನೂ ಇವೆ ಎಂದು ತಿಳಿಯಿರಿ. ಮೊದಲನೆಯದನ್ನು ನೋಡಿ ಖುಷಿಪಟ್ಟು ಎಕ್ಸಲರೇಟರ್ ಒತ್ತಿದವರು ಎರಡನೆಯದಕ್ಕೆ ಗುದ್ದುತ್ತಾರೆ.

ಆನೆ ಕಂಡರೆ ಐದೇ ನಿಮಿಷ ಕಾರು ನಿಲ್ಲಿಸಿ ನೋಡಿದರೆ ತಪ್ಪೇ?

ತಪ್ಪು. ನನ್ನನ್ನು ಕೇಳಿದರೆ ಈ ದಾರಿಯಲ್ಲಿ ಪ್ರವಾಸಿಗರು ಮಾಡುವ ತಪ್ಪುಗಳಲ್ಲೆಲ್ಲ ದೊಡ್ಡದು ಇದೇ. ಒಂದು ಕಾರು ನಿಂತರೆ ಹಿಂದಿನವರು ಏನೋ ಇದೆ ಎಂದು ನಿಲ್ಲುತ್ತಾರೆ, ಎದುರಿನವರೂ ನಿಲ್ಲುತ್ತಾರೆ. ಹತ್ತು ನಿಮಿಷದಲ್ಲಿ ಸಂತೆ.

ಒಮ್ಮೆ ಸತ್ಯಮಂಗಲದಿಂದ ಬಸ್ಸಿನಲ್ಲಿ ಮರಳುತ್ತಿದ್ದೆ. ಆಸನೂರಿಗೆ ಇನ್ನೂ ಸ್ವಲ್ಪ ದೂರವಿತ್ತು, ಬಿಸಿಲು ಇಳಿಯುವ ಹೊತ್ತು. ರಸ್ತೆಯ ಎಡಗಡೆ ಒಂದು ಹೆಣ್ಣಾನೆ, ಅದರ ಹೊಟ್ಟೆಯಡಿಗೆ ಅಂಟಿಕೊಂಡು ಮರಿ. ಈ ಕಡೆ ಏಳು ಕಾರು, ಆ ಕಡೆ ನಾಲ್ಕು. ಆನೆ ಮುಂಗಾಲನ್ನು ಡಾಂಬರಿನ ಮೇಲೆ ಇಟ್ಟಿತು, ತೆಗೆಯಿತು. ಮತ್ತೆ ಇಟ್ಟಿತು, ಮತ್ತೆ ತೆಗೆಯಿತು. ಮರಿ ಪ್ರತಿ ಸಲವೂ ಎರಡು ಹೆಜ್ಜೆ ಮುಂದೆ ಬಂದು ತಾಯಿಯ ಕಾಲಿಗೆ ಡಿಕ್ಕಿ ಹೊಡೆದು ಹಿಂದೆ ಸರಿಯುತ್ತಿತ್ತು. ಕಾರಿನ ಬಾಗಿಲಿನ ಮೇಲೆ ಕೂತು ಒಬ್ಬರು ಮೊಬೈಲ್ ಎತ್ತಿ ಹಿಡಿದಿದ್ದರು, ಒಳಗಿನಿಂದ ಮಗುವೊಂದು 'ಬಾ, ಬಾ' ಎಂದು ಕರೆಯುತ್ತಿತ್ತು. ಆನೆಯ ಕಿವಿ ಅಗಲವಾಗಿ ನಿಂತಿತ್ತು, ಬಾಲ ಬಿಗಿದಿತ್ತು. ಕಾಡಿನ ಪಕ್ಕ ಬೆಳೆದವರಿಗೆ ಅದರ ಅರ್ಥ ಗೊತ್ತು. ನಮ್ಮ ಚಾಲಕರು ಕೈಸನ್ನೆ ಮಾಡಿ, ಮೆಲ್ಲಗೆ ಹೇಳಿ, ಮುಂದಿನ ಕಾರುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದರು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಜಾಗ ಬಿಟ್ಟ ಮೇಲೆ ತಾಯಿ ಮರಿ ಎರಡೂ ದಾಟಲು ಒಂದು ನಿಮಿಷವೂ ಬೇಕಾಗಲಿಲ್ಲ.

ಹಾಗಾಗಿ ಇಷ್ಟು ನೆನಪಿಡಿ. ಪ್ರಾಣಿ ರಸ್ತೆ ಬದಿಯಲ್ಲಿ ಮೇಯುತ್ತಿದ್ದರೆ ನಿಲ್ಲಿಸದೆ ನಿಧಾನವಾಗಿ ಮುಂದೆ ಹೋಗಿ. ರಸ್ತೆಯ ಮೇಲಿದ್ದರೆ ಅಥವಾ ದಾಟಲು ನಿಂತಿದ್ದರೆ ದೂರದಲ್ಲೇ ನಿಲ್ಲಿ, ದಾರಿ ಬಿಡಿ, ಕಾಯಿರಿ. ಹಾರ್ನ್ ಬೇಡ, ದೀಪ ಮಿಣುಕಿಸುವುದು ಬೇಡ, ಇಳಿಯುವುದಂತೂ ಬೇಡವೇ ಬೇಡ. ಕಣ್ಣಿಗೆ ಬಿದ್ದಷ್ಟು ಸಾಕು ಎಂದುಕೊಳ್ಳಿ.

ತಿರುವುಗಳಲ್ಲಿ ಕೋತಿಗಳು ಹಸಿದು ಕೂತಿರುತ್ತವಲ್ಲ, ಬಾಳೆಹಣ್ಣು ಕೊಡಬಹುದೇ?

ಅವು ಹಸಿದು ಕೂತಿಲ್ಲ, ಅಭ್ಯಾಸವಾಗಿ ಕೂತಿವೆ. ಕಾಲೇಜು ದಿನಗಳಲ್ಲಿ ನಾನೂ ಬಸ್ಸಿನ ಕಿಟಕಿಯಿಂದ ಅರ್ಧ ಬನ್ನು ಎಸೆದಿದ್ದೆ. ಅದು ರಸ್ತೆಯ ನಡುವೆ ಬಿತ್ತು. ದೊಡ್ಡ ಕೋತಿಗಳು ಹಿಂದೆ ಉಳಿದವು, ಅನುಭವವಿಲ್ಲದ ಮರಿಯೊಂದು ಓಡಿ ಬಂತು. ಬಸ್ಸಿನ ಹಿಂದೆಯೇ ಲಾರಿ ಇತ್ತು. ತಿರುವು ಮುಗಿಯುವವರೆಗೂ ತಾಯಿಕೋತಿಯ ಕೂಗು ಕೇಳುತ್ತಿತ್ತು. ಆ ಸಾವು ಲಾರಿಯವನದಲ್ಲ, ನನ್ನದು. ಅಂದಿನಿಂದ ಯಾರಾದರೂ ಹಣ್ಣು ಕೈಗೆತ್ತಿಕೊಂಡರೆ ಅವರ ಕೈ ಹಿಡಿದು ತಡೆಯುತ್ತೇನೆ, ಪರಿಚಯ ಇದ್ದರೂ ಇಲ್ಲದಿದ್ದರೂ.

ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ, ಊಟದ ಎಲೆ ಇವೂ ಹಾಗೆಯೇ. ಉಪ್ಪಿನ ವಾಸನೆಗೆ ಕಡವೆಗಳು ಪ್ಲಾಸ್ಟಿಕ್ ಸಮೇತ ನುಂಗುತ್ತವೆ. ಎಲ್ಲವನ್ನೂ ಚೀಲದಲ್ಲಿ ಕಟ್ಟಿಕೊಂಡು ಊರು ಮುಟ್ಟಿಸಿ.

ರಾತ್ರಿ ಎಷ್ಟು ಗಂಟೆಯವರೆಗೆ ಬಿಡುತ್ತಾರೆ? ಈ ನಿಷೇಧ ಅತಿಯಾಯಿತು ಅನ್ನಿಸುವುದಿಲ್ಲವೇ?

ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ಬಣ್ಣಾರಿಗೂ ರಾಜ್ಯದ ಗಡಿಯ ಹತ್ತಿರದ ಕಾರಪಳ್ಳಂ ಚೆಕ್‌ಪೋಸ್ಟಿಗೂ ನಡುವೆ ರಾತ್ರಿ ನಿರ್ಬಂಧವಿದೆ. ಜಿಲ್ಲಾಡಳಿತದ 2019ರ ಅಧಿಸೂಚನೆಯನ್ನು ಜಾರಿಗೆ ತರಲು ನ್ಯಾಯಾಲಯ ಹೇಳಿತು. ಲಾರಿಗಳಿಗೆ ಸಂಜೆ 6 ಗಂಟೆಯಿಂದ, ಕಾರುಗಳಂಥ ಸಣ್ಣ ವಾಹನಗಳಿಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ದಾರಿ ಬಂದ್. ಬಂಡೀಪುರದಲ್ಲಿ 2009ರಿಂದಲೇ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವಿಲ್ಲ ಎಂಬುದು ಮೈಸೂರು ಕಡೆಯವರಿಗೆ ಗೊತ್ತೇ ಇದೆ.

ಆದೇಶ ಬಂದಾಗ ನಮ್ಮ ತಾಳವಾಡಿಯಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ತಾಲ್ಲೂಕಿನಿಂದ ಜಿಲ್ಲೆಯ ಉಳಿದ ಭಾಗಕ್ಕೆ ಹೋಗಲು ಇರುವ ಮುಖ್ಯ ದಾರಿಯೇ ಇದು. ಕೋಸು, ಟೊಮೆಟೊ, ಬೀಟ್‌ರೂಟ್ ಬೆಳೆದವರಿಗೆ ಮುಂಜಾನೆ ಮಾರುಕಟ್ಟೆ ಮುಟ್ಟಬೇಕು. ಹೆರಿಗೆ ನೋವು ಗಡಿಯಾರ ನೋಡಿ ಬರುವುದಿಲ್ಲ. ನ್ಯಾಯಾಲಯ ಮುಂದೆ ಸ್ಥಳೀಯರ ವಾಹನಗಳಿಗೆ ವಿನಾಯಿತಿ ಕೊಟ್ಟದ್ದು, ಅತಿ ಭಾರದ ಲಾರಿಗಳನ್ನು ತಡೆದದ್ದು ಎರಡೂ ಸರಿಯಾದ ಹೆಜ್ಜೆಗಳು ಎಂದು ನನ್ನ ನಂಬಿಕೆ. ಊರಿನವನ ಅಗತ್ಯಕ್ಕೂ ಪ್ರವಾಸಿಯ ಅನುಕೂಲಕ್ಕೂ ವ್ಯತ್ಯಾಸವಿದೆ. ಒಂದು ರಾತ್ರಿ ತಂಗಿ ಬೆಳಗ್ಗೆ ಹೊರಟರೆ ಪ್ರವಾಸಿಗೆ ಆಗುವ ನಷ್ಟ ದೊಡ್ಡದೇನಲ್ಲ.

ಒಂದು ಮನವಿ. ಗೇಟು ಮುಚ್ಚುವ ಹೊತ್ತಿಗೆ ಹೇಗಾದರೂ ನುಸುಳಬೇಕೆಂದು ಎಂಟೂವರೆಗೆ ಬಂದು ಘಾಟಿಯಲ್ಲಿ ಕಾರು ಓಡಿಸುವವರು ಬಹಳ ಇದ್ದಾರೆ. ಮುಸ್ಸಂಜೆಯೇ ಪ್ರಾಣಿಗಳು ಹೆಚ್ಚು ಓಡಾಡುವ ಹೊತ್ತು. ಸಂಜೆ ಐದರೊಳಗೆ ಕಾಡು ದಾಟಿಬಿಡುವಂತೆ ಲೆಕ್ಕ ಹಾಕಿಕೊಳ್ಳಿ.

ಸ್ವಂತ ಕಾರು ಬೇಡವೆಂದರೆ ಹೇಗೆ ಬರುವುದು?

ಬಸ್ಸಿನಲ್ಲಿ. ಮೈಸೂರಿನಿಂದ ಚಾಮರಾಜನಗರದವರೆಗೆ ರೈಲೂ ಇದೆ. ಚಾಮರಾಜನಗರದಿಂದ ತಾಳವಾಡಿಗೂ, ದಿಂಬಂ ಮೇಲೆ ಸತ್ಯಮಂಗಲ, ಕೊಯಮತ್ತೂರುಗಳಿಗೂ ಎರಡೂ ರಾಜ್ಯಗಳ ಸಾರಿಗೆ ಬಸ್ಸುಗಳು ಓಡುತ್ತವೆ.

ಹೊಗೆಯ ಲೆಕ್ಕ ಇಲ್ಲಿ ಹಾಕೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ., ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರು 150 ಕಿ.ಮೀ. ದಾರಿಗೆ 10 ಲೀಟರ್ ಕುಡಿಯುತ್ತದೆ, ಅಂದರೆ 23 ಕೆ.ಜಿ. ಇಬ್ಬರಿದ್ದರೆ ತಲೆಗೆ ಹನ್ನೊಂದೂವರೆ, ನಾಲ್ವರಿದ್ದರೆ ಆರಕ್ಕಿಂತ ಸ್ವಲ್ಪ ಕಡಿಮೆ. ಲೀಟರಿಗೆ ನಾಲ್ಕೇ ಕಿ.ಮೀ. ಓಡುವ ಬಸ್ಸಿನಲ್ಲಿ ನಲವತ್ತು ಜನ ಕೂತರೆ ತಲೆಗೆ ಎರಡೂವರೆ ಕೆ.ಜಿ. ಮಾತ್ರ. ಆದರೆ ನನಗೆ ಅದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ಆ ನಲವತ್ತು ಜನ ಇಬ್ಬಿಬ್ಬರಂತೆ ಕಾರಿನಲ್ಲಿ ಬಂದರೆ ಆನೆಯ ಮುಂದೆ ಇಪ್ಪತ್ತು ಸಲ ವಾಹನ ಹಾಯುತ್ತದೆ, ಬಸ್ಸಿನಲ್ಲಿ ಬಂದರೆ ಒಂದೇ ಸಲ. ಬಸ್ಸು ನಡುಕಾಡಿನಲ್ಲಿ ಸೆಲ್ಫಿಗೆಂದು ನಿಲ್ಲುವುದೂ ಇಲ್ಲ.

ಬಸ್ಸಿನ ಎತ್ತರದ ಕಿಟಕಿಯಿಂದ ಕಾಡು ಚೆನ್ನಾಗಿ ಕಾಣುತ್ತದೆ ಎಂಬುದನ್ನು ಕಾರಿನವರು ನಂಬುವುದಿಲ್ಲ. ಒಮ್ಮೆ ಬಂದು ನೋಡಿ. ತಡೆಗೋಡೆಯ ಆಚೆಗೆ ಬಣ್ಣಾರಿಯ ಬಯಲು, ಅದರಾಚೆ ಭವಾನಿಸಾಗರದ ನೀರು. ದಿನವೂ ಇದೇ ದಾರಿಯಲ್ಲಿ ಓಡಾಡುವ ಕಂಡಕ್ಟರುಗಳಿಗೆ ಪ್ರಾಣಿ ಎಲ್ಲಿ ನಿಂತಿರುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತು.

ಗುಂಪಾಗಿ ಬರುತ್ತಿದ್ದೇವೆ, ಹದಿನೈದು ಜನ. ಏನು ಮಾಡಲಿ?

ನಾಲ್ಕು ಕಾರು ಬೇಡ, ಒಂದು ಮಿನಿಬಸ್ಸು ಮಾಡಿಕೊಳ್ಳಿ. ಹಾಡು ಹಾಕುವ ಪೆಟ್ಟಿಗೆಯನ್ನು ಪುಣಜನೂರಿನಲ್ಲೇ ಆರಿಸಿ.

ಬೈಕಿನಲ್ಲಿ ಬರುವವರಿಗೆ?

ಸೈಲೆನ್ಸರ್ ತೆಗೆಸಿ ಸದ್ದು ಹೆಚ್ಚಿಸಿಕೊಂಡ ಬೈಕು ಕಾಡಿಗೆ ತರಬೇಡಿ, ಅದು ಊರಿನಲ್ಲೂ ಕಾನೂನುಬಾಹಿರ. ಹತ್ತು ಹದಿನೈದು ಬೈಕುಗಳ ಸಾಲು ಹಿಂಡಿಗೆ ಉದ್ದನೆಯ ಬೇಲಿಯಿದ್ದಂತೆ. ಬೈಕಿನವರ ಜೀವಕ್ಕೂ ಅಪಾಯ ಹೆಚ್ಚು: ತಿರುವು ದಾಟಿದ ಕೂಡಲೇ ಆನೆ ಎದುರಾದರೆ ಸುತ್ತ ತಗಡಿನ ಗೂಡೂ ಇರುವುದಿಲ್ಲ. ಹಗಲು ಹೊತ್ತಿನಲ್ಲಿ, ನಾಲ್ಕೈದು ಬೈಕಿಗಿಂತ ಹೆಚ್ಚಿಲ್ಲದಂತೆ, ಅಂತರ ಬಿಟ್ಟು ಬನ್ನಿ.

ಎಲೆಕ್ಟ್ರಿಕ್ ಕಾರು ಇದ್ದರೆ ಚಿಂತೆ ಇಲ್ಲ, ಅಲ್ಲವೇ?

ಅರ್ಧ ನಿಜ. ಕಣಿವೆಯಲ್ಲಿ ಹೊಗೆ ಬಿಡುವುದಿಲ್ಲ, ಏರಿನಲ್ಲಿ ಗುಡುಗುವುದಿಲ್ಲ. ಇಳಿಜಾರಿನಲ್ಲಿ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ಸ್ವಲ್ಪ ವಿದ್ಯುತ್ ತುಂಬಿಕೊಳ್ಳುತ್ತದೆ, ಬ್ರೇಕಿನ ಧೂಳೂ ಕಡಿಮೆ. ಆದರೆ ಟೈರು ಸವೆಯುವುದು ತಪ್ಪುವುದಿಲ್ಲ, ಕಳೆಬೀಜ ಬರುವುದು ತಪ್ಪುವುದಿಲ್ಲ, ಚಕ್ರದಡಿಗೆ ಬಿದ್ದ ಪುನುಗು ಬೆಕ್ಕಿಗೆ ಎಂಜಿನ್ ಯಾವುದಾದರೇನು? ಸದ್ದಿಲ್ಲದ ವಾಹನದ ಬರವು ಪ್ರಾಣಿಗೆ ಬೇಗ ತಿಳಿಯದೆ ಇರಬಹುದು, ಆದ್ದರಿಂದ ಇನ್ನೂ ನಿಧಾನ ಬೇಕು. ನನ್ನ ಆಸೆ ಎಲೆಕ್ಟ್ರಿಕ್ ಬಸ್ಸಿನ ಮೇಲೆ. ಎಲೆಕ್ಟ್ರಿಕ್ ಕಾರುಗಳ ಸಾಲೂ ಸಾಲೇ.

ಘಾಟಿ ಇಳಿಯುವಾಗ ಏನು ಗಮನಿಸಬೇಕು?

ಹತ್ತುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಇಳಿಯುವಾಗಲೂ ಅದೇ ಗೇರು. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ ಬೇಡ. ಬ್ರೇಕ್ ಕಾದು ಹಿಡಿತ ಹೋಗುತ್ತದೆ.

ಇದು ನಿಮ್ಮ ಸುರಕ್ಷತೆಯ ಮಾತಷ್ಟೇ ಅಲ್ಲ. ದಿಂಬಂ ತಿರುವಿನಲ್ಲಿ ಒಂದು ವಾಹನ ಕೆಟ್ಟು ನಿಂತರೆ ಮೇಲೂ ಕೆಳಗೂ ಮೈಲುಗಟ್ಟಲೆ ಸಾಲು ನಿಲ್ಲುತ್ತದೆ. ಗಂಟೆಗಟ್ಟಲೆ ಎಂಜಿನ್‌ಗಳು ಉರಿಯುತ್ತವೆ, ಜನ ಇಳಿದು ಕಾಡಿನಂಚಿಗೆ ಹೋಗುತ್ತಾರೆ, ಬೀಡಿ ಸಿಗರೇಟು ಹಚ್ಚುತ್ತಾರೆ, ಕಸ ಬೀಳುತ್ತದೆ. ಅಷ್ಟು ಹೊತ್ತೂ ಒಂದು ಪ್ರಾಣಿಯೂ ಆಚೆಯಿಂದ ಈಚೆಗೆ ಬರಲಾರದು. ಸಾಲಿನಲ್ಲಿ ಸಿಕ್ಕಿಕೊಂಡರೆ ಎಂಜಿನ್ ಆರಿಸಿ, ಒಳಗೇ ಕೂತಿರಿ, ಅಡ್ಡದಾರಿ ಹಿಡಿದು ಮುಂದೆ ನುಗ್ಗಬೇಡಿ. ಗಂಟು ಬಿಗಿಯಾಗುವುದು ನುಗ್ಗುವವರಿಂದ.

ಪ್ರವಾಸಿಗರನ್ನೇ ದೂರುತ್ತೀರಿ. ನಿಮ್ಮ ಊರಿನ ಕಬ್ಬಿನ ಲಾರಿಗಳು?

ನ್ಯಾಯವಾದ ಪ್ರಶ್ನೆ. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಆನೆಗಳು ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ದೃಶ್ಯವನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ನೋಡುವವರಿಗೆ ಅದು ಮುದ್ದಾಗಿ ಕಾಣುತ್ತದೆ, ನಮಗೆ ಎದೆ ಧಸಕ್ಕೆನ್ನುತ್ತದೆ. ಹೇರು ಮೀರಿ ತುಂಬಿದ ಲಾರಿಗಳಿಂದ ಕಬ್ಬು ಉದುರುತ್ತದೆ, ಕೆಲವು ಚಾಲಕರು ತಾವೇ ಎಸೆಯುತ್ತಾರೆ. ಆನೆಗೆ ರುಚಿ ಹತ್ತಿತು, ಮರಿಗಳು ತಾಯಂದಿರಿಂದ ಕಲಿತವು. ಲಾರಿ ತಡೆದು ಕಬ್ಬು ಎಳೆಯುವ ಆನೆ ನಾಳೆ ಬಸ್ಸನ್ನೂ ತಡೆಯುತ್ತದೆ, ನಾಡಿದ್ದು ನಮ್ಮ ಹೊಲಕ್ಕೂ ಬರುತ್ತದೆ. ಮಿತಿ ಮೀರಿ ಹೇರುವುದನ್ನು ತಡೆಯುವುದು, ಕಬ್ಬಿನ ಮೇಲೆ ಹೊದಿಕೆ ಕಟ್ಟುವುದು ನಮ್ಮ ಕಡೆಯ ಕೆಲಸ. ನಾವು ಅದನ್ನು ಪೂರ್ತಿ ಮಾಡಿಲ್ಲ. ಅದರಿಂದ ನಿಮ್ಮ ಕಾರಿಗೆ ರಿಯಾಯಿತಿಯೇನೂ ಸಿಗುವುದಿಲ್ಲ.

ಬಣ್ಣಾರಿ ಅಮ್ಮನ ಕೊಂಡಕ್ಕೆ ಬರುವವರು ಹೇಗೆ ಬರಬೇಕು?

ನಮ್ಮ ಮನೆಯವರೂ ಹರಕೆ ಹೊತ್ತು ಕೊಂಡ ಹಾಯ್ದವರೇ, ಆದ್ದರಿಂದ ಭಕ್ತಿಯ ವಿಷಯದಲ್ಲಿ ಬುದ್ಧಿ ಹೇಳಲು ಬಂದಿಲ್ಲ. ಪಂಗುನಿ ತಿಂಗಳಲ್ಲಿ, ಅಂದರೆ ಮಾರ್ಚ್–ಏಪ್ರಿಲ್ ಸುಮಾರಿಗೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಮೈಸೂರು, ಚಾಮರಾಜನಗರ ಕಡೆಯವರು ಘಾಟಿ ಇಳಿದೇ ಬರಬೇಕು. ಕಾಡು ಒಣಗಿ ಕಿಡಿಗೆ ಕಾಯುತ್ತಿರುವ ಕಾಲವೂ ಅದೇ, ಪ್ರಾಣಿಗಳು ನೀರಿಗಾಗಿ ಅಲೆಯುವ ಕಾಲವೂ ಅದೇ.

ಹಬ್ಬದ ವಿಶೇಷ ಬಸ್ಸುಗಳಲ್ಲಿ ಬನ್ನಿ. ಗೂಡ್ಸ್ ಆಟೊ, ಟ್ರ್ಯಾಕ್ಟರ್‌ಗಳಲ್ಲಿ ಜನ ತುಂಬಿಕೊಂಡು ಘಾಟಿ ಇಳಿಯುವುದು ಬೇಡ. ದಾರಿಯಲ್ಲಿ ಒಲೆ ಹೂಡಿ ಅಡುಗೆ ಮಾಡಬೇಡಿ, ಬುತ್ತಿ ಕಟ್ಟಿಕೊಂಡು ಬನ್ನಿ. ನಮ್ಮ ಅಜ್ಜಿಯ ಕಾಲದಲ್ಲಿ ಎಲ್ಲರೂ ಬುತ್ತಿಯನ್ನೇ ತರುತ್ತಿದ್ದರು: ಬಟ್ಟೆಯಲ್ಲಿ ಕಟ್ಟಿದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಬಿಸಾಡಲು ಏನೂ ಉಳಿಯುತ್ತಿರಲಿಲ್ಲ.

ಸಫಾರಿಗೆ ಹೋಗುವುದಾದರೆ ಯಾವುದನ್ನು ಆರಿಸಲಿ?

ಅರಣ್ಯ ಇಲಾಖೆ ನಡೆಸುವುದನ್ನು, ಅದರಲ್ಲೂ ಹೆಚ್ಚು ಜನ ಕೂರುವ ವಾಹನವನ್ನು. ಮುದುಮಲೆಯಲ್ಲಿ ತೆಪ್ಪಕಾಡಿನಿಂದ, ಬಂಡೀಪುರದಲ್ಲಿ ಸಫಾರಿ ನಡೆಯುತ್ತಿರುವಾಗ ಮೇಲುಕಾಮನಹಳ್ಳಿಯ ಕಡೆಯಿಂದ ಹಾಗೆ ಹೋಗಬಹುದು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯಲ್ಲಿ ಪ್ರಾಣಿಯಿಂದ ಕನಿಷ್ಠ 20 ಮೀಟರ್, ಎರಡು ವಾಹನಗಳ ನಡುವೆ 50 ಮೀಟರ್ ಅಂತರ ಇರಬೇಕೆಂದಿದೆ. ಒಂದು ಪ್ರಾಣಿಯ ಎದುರು ಕಾಲು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ಚಾಲಕನಿಗೆ ಹಣ ಕೊಟ್ಟು "ಇನ್ನಷ್ಟು ಹತ್ತಿರ ಹೋಗಿ" ಎನ್ನುವವರು ಈ ನಿಯಮ ಮುರಿಸುವವರು. ಹುಲಿ ಕಾಣದಿದ್ದರೆ ಚಾಲಕನನ್ನು ಬೈಯಬೇಡಿ.

ಖಾಸಗಿ ಜೀಪಿನಲ್ಲಿ ರಾತ್ರಿ ಕಾಡು ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಅಪರಾಧ.

ಮೊಬೈಲ್ ನಕ್ಷೆ ಕಾಡಿನೊಳಗೆ ಹತ್ತಿರದ ದಾರಿ ತೋರಿಸುತ್ತಿದೆ. ಹೋಗಬಹುದೇ?

ಬೇಡ. ಒಳದಾರಿಗಳಿಗೆ ಅನುಮತಿ ಬೇಕು. ಸೋಲಿಗರ ಹಾಡಿಗಳಿಗೆ ಹೋಗುವ ದಾರಿಗಳು ಅಲ್ಲಿನವರ ಓಡಾಟಕ್ಕೆ ಇರುವುದು, ನಕ್ಷೆಗೆ ಅದು ಗೊತ್ತಿಲ್ಲ.

ಊಟಿಗೆ ಇ-ಪಾಸ್ ಮಾಡಿದ್ದಾರಲ್ಲ, ಅದರಿಂದ ಪ್ರಯೋಜನ ಇದೆಯೇ?

ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಇ-ಪಾಸ್ ಬಂತು. ಮೊದಲಿಗೆ ಅದು ಎಷ್ಟು ವಾಹನ ಬರುತ್ತವೆ ಎಂದು ಎಣಿಸಲು ಮಾತ್ರ ಇತ್ತು. 2025ರ ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ಮಿತಿಯೂ ಇತ್ತು: ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ, ಕೊಡೈಕೆನಾಲ್‌ಗೆ 4,000 ಮತ್ತು 6,000. ಸರ್ಕಾರಿ ಬಸ್ಸಿನಲ್ಲಿ, ರೈಲಿನಲ್ಲಿ ಬರುವವರಿಗೆ ಪಾಸ್ ಬೇಡ. ನನಗೆ ಮೆಚ್ಚುಗೆಯಾದದ್ದು ಈ ಕೊನೆಯ ಅಂಶ. ಮಿತಿ ಜನರಿಗಲ್ಲ, ವಾಹನಗಳಿಗೆ. ಮೇಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. ಬೆಟ್ಟ ಹತ್ತುವ ರೈಲು 1908ರಿಂದ ಓಡುತ್ತಿದೆ, 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಪಾಸ್ ಸಿಗಲಿಲ್ಲ ಎಂದು ಪ್ರವಾಸ ಕೈಬಿಡುವ ಮೊದಲು ಅದರ ಟಿಕೆಟ್ ನೋಡಿ.

ಬೇರೆ ಕಡೆ ಇದಕ್ಕೆ ಪರಿಹಾರ ಕಂಡುಕೊಂಡಿದ್ದಾರೆಯೇ? ದಿಂಬಂನಲ್ಲಿ ಏನು ಮಾಡಬಹುದು?

ಹತ್ತಿರದಲ್ಲೇ ಇದೆ. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ವಾಹನ ಬಿಡುವುದಿಲ್ಲ. ಬೆಟ್ಟದ ಬುಡದಲ್ಲಿ ನಿಲ್ಲಿಸಿ ಸಾರಿಗೆ ಬಸ್ ಹತ್ತಬೇಕು. ಶುರುವಿನಲ್ಲಿ ಗೊಣಗಿದವರೇ ಈಗ ಮಕ್ಕಳಿಗೆ ಕಿಟಕಿ ಪಕ್ಕದ ಸೀಟು ಹಿಡಿಯುತ್ತಾರೆ. ಕೇರಳದ ಇರವಿಕುಳಂನಲ್ಲಿಯೂ ಹಾಗೆಯೇ, ರಾಜಮಲೆಗೆ ಅರಣ್ಯ ಇಲಾಖೆಯ ಬಸ್ಸು. ಅಲ್ಲಿ ನೀಲಗಿರಿ ವರೆಯಾಡು ಎಂಬ ಕಾಡುಮೇಕೆಗಳು ಮರಿ ಹಾಕುವ ಕಾಲಕ್ಕೆ ಉದ್ಯಾನವನ್ನೇ ಮುಚ್ಚುತ್ತಾರೆ.

ದಿಂಬಂ ಹೆದ್ದಾರಿಯಾದ್ದರಿಂದ ಪೂರ್ತಿ ಹಾಗೆ ಮಾಡಲಾಗುವುದಿಲ್ಲ. ಆದರೆ ಕಾಡು ನೋಡಲೆಂದೇ ಬರುವವರಿಗೆ ಚಾಮರಾಜನಗರದಿಂದಲೂ ಸತ್ಯಮಂಗಲದಿಂದಲೂ ಹಗಲಿನಲ್ಲಿ ನಿಗದಿತ ಹೊತ್ತಿಗೆ ಬಸ್ಸು ಬಿಡಬಹುದು. ಅದು ದಿಂಬಂ ಮೇಲೆ ಒಂದೇ ಕಡೆ ನಿಲ್ಲಲಿ, ಶೌಚಾಲಯವೂ ಕುಡಿಯುವ ನೀರೂ ಅಲ್ಲಿರಲಿ. ಕಾಡಿನ ವಿಷಯ ಹೇಳಲು ಸೋಲಿಗರ ಹುಡುಗ ಹುಡುಗಿಯರಿಗೆ ಕೆಲಸ ಕೊಡಿ, ಪ್ರತಿ ಗಿಡದ ಹೆಸರೂ ಅವರಿಗೆ ಕನ್ನಡದಲ್ಲೇ ಗೊತ್ತು. ಉಳಿದ ತಿರುವುಗಳಲ್ಲಿ ನಿಲ್ಲಿಸಿದ ಪ್ರತಿ ವಾಹನಕ್ಕೂ ದಂಡ ಬೀಳಲಿ. ಎರಡು ರಾಜ್ಯಗಳ ಸಾರಿಗೆಯವರು, ಎರಡು ಅರಣ್ಯ ಇಲಾಖೆಗಳವರು ಒಂದು ಮೇಜಿನ ಸುತ್ತ ಕೂತರೆ ಆಗದ ಕೆಲಸವಲ್ಲ.

ದಾರಿಯಲ್ಲಿ ಗಾಯಗೊಂಡ ಪ್ರಾಣಿ ಕಂಡರೆ?

ಇಳಿದು ಮುಟ್ಟಬೇಡಿ, ನೀರು ಕುಡಿಸಲು ಹೋಗಬೇಡಿ. ಹತ್ತಿರದ ತಿರುವಿನ ಸಂಖ್ಯೆ ಅಥವಾ ಕಿಲೋಮೀಟರ್ ಕಲ್ಲು ಗುರುತಿಟ್ಟುಕೊಂಡು ಮುಂದಿನ ಚೆಕ್‌ಪೋಸ್ಟಿನಲ್ಲಿ ಹೇಳಿ. ನಿಮ್ಮ ವಾಹನಕ್ಕೇ ತಾಗಿದ್ದರೂ ಹೇಳಿ. ಹೆದರಿ ಮುಚ್ಚಿಟ್ಟರೆ ಬದುಕಬಹುದಾಗಿದ್ದ ಜೀವವೂ ಹೋಗುತ್ತದೆ.

ಹಾಗಾದರೆ ಯಾವಾಗ ಬಂದರೆ ಒಳ್ಳೆಯದು?

ಮಾರ್ಚ್‌ನಿಂದ ಮೇವರೆಗೆ ಕಾಡಿಗೆ ಕಷ್ಟಕಾಲ. ಸುಮ್ಮನೆ ಸುತ್ತಾಡಲು ಆ ತಿಂಗಳುಗಳನ್ನು ಆರಿಸಬೇಡಿ. ಮಳೆ ಬಿದ್ದು ಹುಲ್ಲು ಎದ್ದ ಮೇಲೆ, ದೀಪಾವಳಿಯ ಹೊತ್ತಿಗೆ, ವಾರದ ನಡುವಿನ ದಿನಗಳಲ್ಲಿ ಬನ್ನಿ. ದೀಪಾವಳಿಯ ಬೆನ್ನಿಗೇ ನಮ್ಮ ಗುಮಟಾಪುರದಲ್ಲಿ ಗೊರೆಹಬ್ಬ ನಡೆಯುತ್ತದೆ, ಊರಿಗೆ ಊರೇ ಸಗಣಿ ಉಂಡೆ ಹಿಡಿದು ಒಬ್ಬರಿಗೊಬ್ಬರು ಎಸೆದಾಡುತ್ತಾರೆ. ಚಾಮರಾಜನಗರದವರೆಗೆ ರೈಲಿನಲ್ಲಿ, ಅಲ್ಲಿಂದ ತಾಳವಾಡಿಗೆ ಬಸ್ಸಿನಲ್ಲಿ ಬಂದುಬಿಡಿ. ಹಳೆಯ ಬಟ್ಟೆ ಒಂದು ಜೊತೆ ಹೆಚ್ಚಿಗೆ ಇರಲಿ, ಸಗಣಿ ಮೆತ್ತಿಕೊಂಡು ಬಸ್ ಹತ್ತಿದರೆ ಕಂಡಕ್ಟರ್ ಒಪ್ಪುವುದಿಲ್ಲ.